ದಾನಮ್ಮನ ಟೊಂಕಪಟ್ಟಿ

ದಾನಮ್ಮ ಮೂರು ವರ್ಷಗಳ ಮೇಲೆ ಮೊದಲ ಸಲ ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತದ್ದು ಬದನೆಕಾಯಿ ಮಾರುವ ಒಬ್ಬ ಮುದುಕಿಗಾಗಿ. ಹಾಗೆ ಎದ್ದದ್ದು ಸ್ವತಃ ಅವಳಿಗೆ ಗೊತ್ತಾದದ್ದು ಕೂಡ ನಿಂತ ಮೇಲೆಯೇ.

ಬಾಗಲಕೋಟೆಯ ನವನಗರದಲ್ಲಿ, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳ ಖಾನಾವಳಿ. ಡ್ರೈವರ್ ಇಲ್ಲದ ಆಟೋಗಳು ಊರ ತುಂಬ ಓಡಾಡುವ ಕಾಲ ಬಂದಿದ್ದರೂ, ಜೋಳದ ರೊಟ್ಟಿಯನ್ನು ಕೈಯಿಂದಲೇ ಬಡಿಯಬೇಕೆಂಬ ಹಟ ಆ ಮನೆಯಲ್ಲಿ ಇನ್ನೂ ಉಳಿದಿತ್ತು. ಮಧ್ಯಾಹ್ನದ ಊಟದ ಹೊತ್ತು. ಬಾಗಿಲ ಪಕ್ಕದ ಗಲ್ಲಾಪೆಟ್ಟಿಗೆಯ ಹಿಂದೆ ತನ್ನ ಮರದ ಕುರ್ಚಿಯಲ್ಲಿ ದಾನಮ್ಮ ಕೂತಿದ್ದಳು. ಒಳಗೆ ಸೊಸೆ ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. ಕಾಶೀಬಾಯಿ ಬದನೆಕಾಯಿಯ ಬುಟ್ಟಿಯನ್ನು ಕಂಕುಳಿಗೆ ಇಳಿಸಿಕೊಂಡು ಹೊಸ್ತಿಲು ದಾಟಿದಳು, ಅಷ್ಟೇ. ದಾನಮ್ಮನ ಸೊಂಟಕ್ಕೆ ಬಿಗಿದಿದ್ದ ಪಟ್ಟಿ ಸಣ್ಣಗೆ 'ಗುಂಯ್' ಎಂದಿತು. ತೊಡೆಗಳ ಅಡಿಗೆ ಯಾರೋ ಮೆತ್ತಗೆ ಅಂಗೈ ಕೊಟ್ಟು ಮೇಲಕ್ಕೆ ಒತ್ತಿದ ಹಾಗಾಯಿತು. ನೋಡಿದರೆ ನಿಂತಿದ್ದಾಳೆ!

ಉಣ್ಣುತ್ತಿದ್ದವರೆಲ್ಲ ತುತ್ತನ್ನು ಕೈಯಲ್ಲೇ ಹಿಡಿದು ನೋಡತೊಡಗಿದರು.

"ಯವ್ವಾ ದಾನೀ! ಎದ್ದೆಲ್ಲಬೇ ನೀನು!" ಕಾಶೀಬಾಯಿ ಬುಟ್ಟಿಯನ್ನು ನೆಲಕ್ಕೇ ಕುಕ್ಕಿದಳು. ನಾಲ್ಕು ಬದನೆಕಾಯಿ ಉರುಳಿ ಗಿರಾಕಿಗಳ ಬೆಂಚಿನ ಕೆಳಗೆ ಹೋದವು.

"ಎದ್ದೇನಿ ನೋಡು ಕಾಶಕ್ಕಾ," ಎಂದಳು ದಾನಮ್ಮ. ತನ್ನ ಧ್ವನಿ ತನಗೇ ಹೊಸದಾಗಿ ಕೇಳಿಸಿತು. ನಿಂತು ನೋಡಿದರೆ ಖಾನಾವಳಿ ಬೇರೆಯೇ ಆಗಿತ್ತು. ಗೋಡೆಯ ಮೇಲಿನ ಗಡಿಯಾರಕ್ಕೆ ಎಷ್ಟು ಧೂಳು ಹತ್ತಿದೆ ಎಂಬುದು ಕೂತವಳಿಗೆ ಕಂಡೇ ಇರಲಿಲ್ಲ.

ಗದ್ದಲ ಕೇಳಿ ಕಸ್ತೂರಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅತ್ತೆ ನಿಂತದ್ದನ್ನು ಕಂಡು ಅವಳ ಕಣ್ಣಲ್ಲಿ ನೀರೇ ಬಂತು. ಆದರೆ ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಅವಳಿಗೆ ಇನ್ನೊಂದು ಮಾತು ಹೊಳೆಯಿತು. ಹೊಳೆದ ಮಾತನ್ನು ಎಲ್ಲರೆದುರಿಗೇ ಕೇಳಿಬಿಟ್ಟಳು.

"ಅಲ್ರೀ ಅತ್ತಿ, ನಿನ್ನಿ ನಮ್ಮ ಮಾಮಾ ಬಂದಾಗ ಇದ ಪಟ್ಟಿ ಕಟ್ಕೊಂಡ ಕುಂತಿದ್ರಿ. ಆಗ್ಯಾಕ ಏಳಲಿಲ್ಲ?"

ದಾನಮ್ಮ ಗಡಿಯಾರದ ಧೂಳನ್ನೇ ನೋಡುತ್ತ ನಿಂತಳು.

ಕಸ್ತೂರಿಯ ಸೋದರಮಾವ ಮುರಿಗೆಪ್ಪ ನಿವೃತ್ತ ತಹಶೀಲ್ದಾರ, ಊರಿನ ಹಿರಿಯ ನಾಗರಿಕರ ಸಂಘದ ಅಧ್ಯಕ್ಷ. ಈ ಪಟ್ಟಿಯನ್ನು ಯಾರ ಮೇಲೆ ಪರೀಕ್ಷಿಸಬೇಕು ಎಂದು ಕಾಲೇಜಿನವರು ಕೇಳಿದಾಗ ದಾನಮ್ಮನ ಹೆಸರು ಹೇಳಿದವನೂ ಅವನೇ. ಅದಕ್ಕೂ ಮುಖ್ಯವಾಗಿ ಅವನು ಬೀಗ. ನಮ್ಮ ಕಡೆ ಬೀಗರು ಹೊಸ್ತಿಲು ತುಳಿದರೆ ಮನೆಯ ಗೋಡೆಯೂ ಎದ್ದು ನಿಲ್ಲಬೇಕು. ಮೂರು ವರ್ಷದಿಂದ ದಾನಮ್ಮನಿಗೆ ಮೊಣಕಾಲಿನ ನೆಪ ಇತ್ತು. "ಏಳಾಕ ಆಗಂಗಿಲ್ರಿ ಬೀಗರ, ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದು ಕೂತಲ್ಲಿಂದಲೇ ಕೈ ಮುಗಿದರೆ ಮುಗಿಯುತ್ತಿತ್ತು. ಆ ನೆಪ ಬದನೆಕಾಯಿಯ ಜೊತೆಗೇ ಬೆಂಚಿನ ಕೆಳಗೆ ಉರುಳಿತು.

*

ಪಟ್ಟಿಯ ಕಥೆ ಶುರುವಾದದ್ದು ಕಸ್ತೂರಿಯ ಬೆನ್ನಿನಿಂದ. ಒಮ್ಮೆ ಯಾರಾದರೂ ಎಬ್ಬಿಸಿ ನಿಲ್ಲಿಸಿದರೆ ದಾನಮ್ಮ ಕೋಲು ಹಿಡಿದು ಮನೆಯಲ್ಲಿ ಓಡಾಡಬಲ್ಲಳು. ಏಳುವುದೇ ಆಗುತ್ತಿರಲಿಲ್ಲ. ಮಗ ಈಶ್ವರನದು ಸಕ್ಕರೆ ಕಾರ್ಖಾನೆಯ ಪಾಳಿ ಕೆಲಸ. ಹೀಗಾಗಿ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ದಿನಕ್ಕೆ ಹತ್ತಾರು ಸಲ ಅತ್ತೆಯ ಕಂಕುಳಲ್ಲಿ ಕೈ ಹಾಕಿ ಅಪ್ಪಿ ಎತ್ತುತ್ತಿದ್ದವಳು ಕಸ್ತೂರಿ. "ಮೆಲ್ಲಕ ಎತ್ತ, ನಾ ಏನ್ ಜ್ವಾಳದ ಚೀಲ ಅಲ್ಲ," ಎಂದು ದಾನಮ್ಮ ಗದರುವಳು. ಗದರುವುದು ಏತಕ್ಕೆಂದರೆ ನಾಚಿಕೆಯನ್ನು ಮುಚ್ಚಿಕೊಳ್ಳಲಿಕ್ಕೆ. ಕೊನೆಗೊಂದು ದಿನ ಡಾಕ್ಟರು, ಹೀಗೇ ಎತ್ತುತ್ತ ಹೋದರೆ ಸೊಸೆಗೂ ಒಂದು ಕುರ್ಚಿ ತರಬೇಕಾಗುತ್ತದೆ ಎಂದರು. ಅಂದು ರಾತ್ರಿ ದಾನಮ್ಮ ರೊಟ್ಟಿಯ ತಾಟನ್ನು ಹಾಗೆಯೇ ಸರಿಸಿಟ್ಟಳು.

ಊರ ಹೊರಗಿನ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಪಟ್ಟಿಯನ್ನು ಕಟ್ಟಿದವಳು ಫರ್ಜಾನಾ ಬಾಗವಾನ. ಅಲ್ಲೇ ಹಳೇ ಊರಿನ ಹಣ್ಣಿನ ವ್ಯಾಪಾರಿಯ ಮೊಮ್ಮಗಳು, ಮಾತು ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ. ಅಗಲವಾದ ಒಂದು ಸೊಂಟದ ಪಟ್ಟಿ, ಅದರಿಂದ ತೊಡೆಯ ಮೇಲೆ ಹಾಯ್ದು ಮೊಣಕಾಲ ಕೆಳಗೆ ಇಳಿಯುವ ನಾಲ್ಕು ನೇಯ್ದ ಪಟ್ಟೆಗಳು. ನೋಡಲು ಇಳಕಲ್ ಸೀರೆಯ ಅಂಚಿನ ಹಾಗಿದ್ದವು. ಆ ನೂಲು ಮಾತ್ರ ಸಾಮಾನ್ಯದ್ದಲ್ಲ. ವಿದ್ಯುತ್ತು ಹರಿದರೆ ಸ್ನಾಯುವಿನಂತೆ ಕುಗ್ಗಿ ಬಿಗಿಯಾಗುತ್ತದೆ, ನಿಂತರೆ ಸಡಿಲಾಗುತ್ತದೆ.

"ಗುಂಡಿ ಎಲ್ಲೈತೆವ್ವಾ?" ಎಂದು ದಾನಮ್ಮ ಮೊದಲ ದಿನವೇ ಕೇಳಿದ್ದಳು.

"ಗುಂಡಿ ಇಲ್ರಿ ಆಯಿ. ಗುಂಡಿ ಒತ್ತಿದ್ರ ಎಬ್ಬಿಸೂ ಕುರ್ಚಿ ಯಾವತ್ತೋ ಬಂದಾವ. ಅವು ನಿಮ್ಮನ್ನ ಎಬ್ಬಸ್ತಾವ, ನೀವು ಏಳಂಗಿಲ್ಲ. ಇದು ಹಂಗಲ್ಲ. ಊಟಕ್ಕ ನೀಡಾಕ ಹೊಂಟಾಗ ನೀವು ಮೊದ್ಲ ಏನ್ ಮಾಡ್ತೀರಿ?"

"ಸೆರಗು ಸಿಗಿಸ್ಕೋತೀನಿ."

"ಹಾಂ! ಮೈನೂ ಹಂಗ. ಏಳೂಕ್ಕಿಂತ ಚೂರು ಮೊದ್ಲ ಬೆನ್ನು, ಹೊಟ್ಟಿ, ಮೊಣಕಾಲ ಕೆಳಗಿನ ಸ್ನಾಯು ಎಲ್ಲಾ ಸೆರಗು ಸಿಗಿಸ್ಕೋತಾವ. ನಿಮಗ ಗೊತ್ತಾಗೂಕ್ಕಿಂತ ಮುಂಚೆ. ಪಟ್ಟಿ ಅದನ್ನ ಹಿಡೀತೈತಿ. ಮನಸ್ಸು ನಿಮ್ದು, ಬಲ ಅದರದ್ದು."

ಅವಳು ತನ್ನ ಕಾಲಿಗೂ ಸ್ನಾಯುವಿನ ಮಿಡಿತ ಹಿಡಿಯುವ ಎರಡು ಬಿಲ್ಲೆ ಅಂಟಿಸಿಕೊಂಡು ಪರದೆಯನ್ನು ತೋರಿಸಿದಳು. ಎರಡು ಹಸಿರು ಗೆರೆ, ಒಂದು ಅಜ್ಜಿಯದು, ಒಂದು ಮೊಮ್ಮಗಳ ವಯಸ್ಸಿನವಳದು. ಅದೇ ಹೊತ್ತಿಗೆ ಅವಳ ಪ್ರೊಫೆಸರರು ಬಾಗಿಲು ತೆರೆದು ಇಣುಕಿದರು. ಫರ್ಜಾನಾಳ ಗೆರೆ ಪಟಕ್ಕನೆ ನೆಗೆಯಿತು, ಆಮೇಲೆ ಅವಳು ಎದ್ದಳು. ದಾನಮ್ಮನ ಗೆರೆ ಅಲ್ಲಾಡಲಿಲ್ಲ.

"ಸೊಸಿ ಬಂದ್ಲು ಅಂದ್ಕೊಳ್ರಿ ಆಯಿ, ನೋಡೂಣು," ಎಂದಳು ಫರ್ಜಾನಾ, ಪ್ರೊಫೆಸರರು ಹೋದ ಮೇಲೆ.

ಗೆರೆ ಹಾಗೆಯೇ ಮಲಗಿತ್ತು. ದಾನಮ್ಮ ನಕ್ಕುಬಿಟ್ಟಳು. "ಏ ಹುಚ್ಚಿ, ಸೊಸಿಗೆ ಯಾವ ಅತ್ತಿ ಏಳತಾಳ? ಸೂರ್ಯ ಪಡುವಣಕ್ಕ ಹುಟ್ಟಿದ ದಿನ ಕೇಳು."

*

ದಾನಮ್ಮ ಕಾಶೀಬಾಯಿಗೆ ಎದ್ದು ನಿಂತ ಸುದ್ದಿ ಸಂಜೆಯೊಳಗೆ ಊರೆಲ್ಲ ಹರಡಿತು. ಮರುದಿನದಿಂದ ಖಾನಾವಳಿಗೆ ಬರುವವರಿಗೆ ರೊಟ್ಟಿಯ ಹಸಿವಿಗಿಂತ ಬೇರೊಂದು ಹಸಿವು ಜೋರಾಯಿತು. ತನಗೆ ದಾನಮ್ಮ ಏಳುತ್ತಾಳೋ ಇಲ್ಲವೋ? ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ಅಂಗಿಯ ಕಾಲರು ಸರಿಮಾಡಿಕೊಂಡು, ಕಿವಿಗೊಟ್ಟು 'ಗುಂಯ್' ಕೇಳಿಸುತ್ತದೆಯೇ ಎಂದು ಕಾಯುವವರೇ ಎಲ್ಲ.

ಮಠದ ಅಯ್ಯನವರು ಬಂದರೆ ಎದ್ದಳು, ಅದರಲ್ಲಿ ಆಶ್ಚರ್ಯವಿಲ್ಲ. ಕನ್ನಡ ಶಾಲೆಯ ಹಳೆಯ ಅಕ್ಕೋರಿಗೆ ಎದ್ದಳು. ಚರಂಡಿ ತೆಗೆಯುವ ಯಂತ್ರ ಓಡಿಸುವ ಯಮನೂರನಿಗೆ ಎದ್ದಾಗ ಅವನೇ ಹೆದರಿ ಹಿಂದೆ ನೋಡಿದ, ತನ್ನ ಹಿಂದೆ ಯಾರು ದೊಡ್ಡವರು ಬಂದರೋ ಎಂದು. ಚಿನ್ನದ ಅಂಗಡಿಯವನಿಗೆ ಏಳಲಿಲ್ಲ. ಲಾರಿ ಡ್ರೈವರ್ ಮೈಬೂಬನಿಗೆ ಮಾತ್ರ ಪಟ್ಟಿ ಅರ್ಧ ಎಬ್ಬಿಸಿ ಮತ್ತೆ ಕೂಡಿಸಿತು. ಅವನು ಮರುದಿನ ಬಾಚಿದ ತಲೆ, ಒಗೆದ ಅಂಗಿಯಲ್ಲಿ ಬಂದು, "ಉಳದರ್ಧ ಇಸ್ಕೊಂಡ ಹೋಗಾಕ ಬಂದೇನಿ ಆಯಿ," ಎಂದು ಗಲ್ಲಾದ ಮುಂದೆ ನಿಂತ. ಖಾನಾವಳಿಯೆಲ್ಲ ನಕ್ಕಿತು. ನಗುತ್ತ ನಗುತ್ತ ದಾನಮ್ಮ ಪೂರ್ತಿ ಎದ್ದುಬಿಟ್ಟಳು.

"ಇಷ್ಟು ದಿನಾ ಹೊಟ್ಟ್ಯಾಗ ಇಟ್ಕೊಂಡಿದ್ದು ಈಗ ಟೊಂಕದಾಗ ಹೊರಗ ಬರಾಕತ್ತೈತಿ," ಎಂದು ಕಸ್ತೂರಿ ಒಳಗಿನಿಂದ ಕೂಗಿದಳು. ಅವಳಿಗೂ ಸಲಿಗೆ ಬಂದಿತ್ತು. ಬೆಳಿಗ್ಗೆ ಅತ್ತೆ ತಾನೇ ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗಿಬರುವುದರಿಂದ ಸೊಸೆಯ ಬೆನ್ನಿಗೆ ಬಿಡುವು ಸಿಕ್ಕಿತ್ತು. ಬೆನ್ನು ಹಗುರಾದರೆ ಬಾಯಿಯೂ ಹಗುರ. ದಾನಮ್ಮನಂತೂ ಮೂರು ವರ್ಷಗಳ ಮೇಲೆ ಬಚ್ಚಲಲ್ಲಿ ಒಬ್ಬಳೇ ನಿಂತು ಹಾಡು ಹೇಳಿಕೊಂಡು ಮುಖ ತೊಳೆದಳು. ಅದರ ಸುಖವನ್ನು ಯಾರಿಗೂ ಹೇಳಲಿಕ್ಕೆ ಆಗುವುದಿಲ್ಲ. ಕಳೆದುಕೊಂಡು ಪಡೆದವರಿಗೇ ಅದು ಗೊತ್ತು.

ಆದರೆ ಮುರಿಗೆಪ್ಪ ಮತ್ತೆ ಬಂದ. ಈ ಸಲ ಹೊಸ ಧೋತರ, ತಲೆಗೆ ಜರಿಯ ರುಮಾಲು. ಹೊಸ್ತಿಲಲ್ಲಿ ನಿಂತು ಕೆಮ್ಮಿದ. ಪಟ್ಟಿ ಸುಮ್ಮನಿತ್ತು. ಇನ್ನೊಮ್ಮೆ ಕೆಮ್ಮಿದ. ಉಣ್ಣುತ್ತಿದ್ದವರೆಲ್ಲ ತಲೆ ಬಗ್ಗಿಸಿ ಸಾರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಕೆಮ್ಮ ಭಾಳ ಆಗೇತಲ್ರೀ ಬೀಗರ," ಎಂದಳು ದಾನಮ್ಮ ಕೂತಲ್ಲಿಂದ. "ಶುಂಠಿ ಕಷಾಯ ಮಾಡಸ್ಲೇನ್ರಿ?"

ಇದರ ಹಿಂದೆ ಒಂದು ಹೋಳಿಗೆ ಇತ್ತು. ಕಸ್ತೂರಿಯ ಮದುವೆಯಲ್ಲಿ ಇಡೀ ಹಂದರಕ್ಕೆ ಹೂರಣ ಅರೆದವಳು ಸ್ವತಃ ದಾನಮ್ಮ. ತುಂಬಿದ ಪಂಕ್ತಿಯಲ್ಲಿ ಕೂತು ಮುರಿಗೆಪ್ಪ, "ಹೂರಣ ತರಿ ತರಿ ಆಗೇತಿ, ಬೀಗರ ಮನ್ಯಾಗ ಒರಳಿಲ್ಲೇನು?" ಎಂದಿದ್ದ. ತಮಾಷೆಗೆ ಅಂದಿರಬಹುದು. ಅಡಿಗೆಯಿಂದಲೇ ಮಗನನ್ನು ಸಾಕಿದವಳಿಗೆ ಇಂಥ ತಮಾಷೆ ಅರಗುವುದಿಲ್ಲ. ಕಸ್ತೂರಿಯ ಮಗಳು ಬೆಳೆದು ಪರವೂರಿನ ಕಾಲೇಜು ಮೆಟ್ಟಿಲು ಹತ್ತಿದರೂ ಅದು ಅರಗಿರಲಿಲ್ಲ.

ಮುರಿಗೆಪ್ಪ ಉಣ್ಣದೆ ಹೋದ. ಎರಡು ದಿನದಲ್ಲಿ ಪ್ರಯೋಗಾಲಯಕ್ಕೆ ಸಂಘದ ಮಾತು ಮುಟ್ಟಿತು. ಯಂತ್ರದಲ್ಲಿ ದೋಷವಿದೆ, ಬೇಕಾದಾಗ ಎಬ್ಬಿಸದೆ ಬೇಡವಾದಾಗ ಎಬ್ಬಿಸುತ್ತದೆ. ಸರಿಪಡಿಸಿದರೆ ಸರಿ. ಇಲ್ಲದಿದ್ದರೆ ಊರಿನ ಉಳಿದ ಮುದುಕರಿಗೆ ಪಟ್ಟಿ ಹಂಚುವ ಯೋಜನೆಗೆ ಸಂಘ ಒಪ್ಪುವುದಿಲ್ಲ, ದಾನಮ್ಮನ ಪಟ್ಟಿಯನ್ನೂ ವಾಪಸು ಕೊಡಬೇಕು. ಹಂಚಬೇಕಾದವರ ಪೈಕಿ ಮೊದಲನೆಯವಳೇ ಕಾಶೀಬಾಯಿ. ಸಂತೆಯಲ್ಲಿ ಕೂತರೆ ಅವಳನ್ನು ಈಗ ಇಬ್ಬರು ಸೇರಿ ಎಬ್ಬಿಸಬೇಕಾಗಿತ್ತು.

*

ಫರ್ಜಾನಾ ಮುಖ ಸಣ್ಣದು ಮಾಡಿಕೊಂಡು ಬಂದು ಪಟ್ಟಿಗೆ ಒಂದು ಜರಡಿಯನ್ನು ಸೇರಿಸಿದಳು. ಅಂದರೆ ಪಟ್ಟಿ ಇನ್ನು ಮೇಲೆ ಗೆರೆ ನೆಗೆದ ಕೂಡಲೇ ಎಬ್ಬಿಸುವುದಿಲ್ಲ. ಇವಳು ಎಲ್ಲಿಗೆ ಹೊರಟಿದ್ದಾಳೆ ಎಂದು ಲೆಕ್ಕ ಹಾಕುತ್ತದೆ. ಹಾಸಿಗೆ, ಬಚ್ಚಲು, ಊಟದ ಜಾಗ, ಈ ದಾರಿಯಾದರೆ ಸೈ. ಬರಿದೇ ನಿಲ್ಲುವುದಾದರೆ, ಬಿದ್ದಾಳೆಂದು ಬಗೆದು ಹಗುರಾಗಿ ಹಿಡಿದು ಕೂಡಿಸುತ್ತದೆ.

"ಕಾಲು ನಂದು, ಜರಡಿ ಯಾರದವ್ವಾ?" ಎಂದಳು ದಾನಮ್ಮ.

ಖಾನಾವಳಿ ಸಪ್ಪಗಾಯಿತು. ಅಯ್ಯನವರು ಬಂದರು, ಶಾಲೆಯ ಅಕ್ಕೋರು ಬಂದರು. ದಾನಮ್ಮ ಒಳಗೊಳಗೇ ಏಳುವಳು, ಪಟ್ಟಿ ಅವಳನ್ನು ಒಳಗೊಳಗೇ ಕೂಡಿಸುವುದು. ಮೈಬೂಬ ಊಟ ಮಾಡಿ ಏನೂ ಕೇಳದೆ ಹೋದ. ದಾನಮ್ಮನಿಗೆ ಮೊಣಕಾಲು ಕೈಕೊಟ್ಟ ದಿನಗಳೇ ಎಷ್ಟೋ ವಾಸಿ ಎನಿಸಿತು. ಆಗ ಮೈ ತನ್ನ ಮಾತು ಕೇಳುತ್ತಿರಲಿಲ್ಲ, ಆದರೆ ಇನ್ನೊಬ್ಬರ ಮಾತನ್ನಂತೂ ಕೇಳುತ್ತಿರಲಿಲ್ಲ.

ಹೀಗಿರುವಾಗ ಒಂದು ಅಮಾವಾಸ್ಯೆಯ ಮಧ್ಯಾಹ್ನ. ಗಿರಾಕಿಗಳು ತುಂಬಿದ್ದರು. ಗಲ್ಲಾದಿಂದ ನೇರಕ್ಕೆ ಅಡಿಗೆಮನೆಯ ಬಾಗಿಲು ಕಾಣುತ್ತದೆ. ಕಸ್ತೂರಿ ಕುದಿಯುವ ಕಟ್ಟಿನ ಸಾರಿನ ಬೋಗುಣಿಯನ್ನು ಅರಿವೆಯಲ್ಲಿ ಹಿಡಿದು ಇಳಿಸುತ್ತಿದ್ದಳು. ಅರಿವೆಯ ತುದಿ ಜಾರುತ್ತಿರುವುದು ದಾನಮ್ಮನಿಗೆ ಇಲ್ಲಿಂದಲೇ ಕಂಡಿತು.

"ಕಸ್ತೂರಿ!"

ಏಳಲು ಹೋದಳು. ಪಟ್ಟಿ ಹಿಡಿದು ಕೂಡಿಸಿತು. ಮತ್ತೆ ಹೋದಳು, ಮತ್ತೆ ಕೂಡಿಸಿತು. ಅಡಿಗೆಮನೆ ಅದರ ಲೆಕ್ಕದ ದಾರಿಗಳಲ್ಲಿ ಇರಲಿಲ್ಲ. ಬೋಗುಣಿ ಓರೆಯಾಯಿತು. ಕಸ್ತೂರಿ ಹಿಂದಕ್ಕೆ ಜಿಗಿದಳು, ಆದರೂ ಎಡಗೈಯ ಮೇಲೆ ಸಾರು ಬಿತ್ತು. ಉಣ್ಣುತ್ತಿದ್ದ ಮೈಬೂಬನೇ ಓಡಿಹೋಗಿ ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದ. ದೊಡ್ಡ ಗಾಯವೇನೂ ಆಗಲಿಲ್ಲ. ತೊಗಲು ಕೆಂಪಾಗಿ ಬೊಬ್ಬೆ ಎದ್ದಿತ್ತು, ವಾರದಲ್ಲಿ ಮಾಯುವಂಥದ್ದು.

ಎದ್ದಿದ್ದರೂ ದಾನಮ್ಮ ಅಲ್ಲಿಗೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಅದು ಅವಳಿಗೂ ಗೊತ್ತು. ಆದರೆ ಮನೆಯ ಹೆಣ್ಣುಮಗಳು ಚೀರಿದಾಗ ಏಳದೆ ಕೂತವಳು ಎನಿಸಿಕೊಂಡದ್ದು ಅವಳ ಎದೆಯಲ್ಲಿ ಮುಳ್ಳಾಗಿ ನಿಂತಿತು. ಆ ಸಂಜೆ ಕಸ್ತೂರಿ ಒಂದೇ ಕೈಯಲ್ಲಿ ಹಾಸಿಗೆ ಹಾಸಿ, "ಏಳ್ರಿ ಅತ್ತಿ, ಮಲಗ್ರಿ," ಎಂದಾಗ ದಾನಮ್ಮ ಸೊಸೆಯ ಮುಖವನ್ನು ಹೊಸದಾಗಿ ನೋಡಿದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅದು ಯಾವಾಗ ಬೆಳ್ಳಗಾಯಿತೋ! ಇಷ್ಟು ವರ್ಷ ಈ ಹುಡುಗಿ ಕೂತು ಉಂಡದ್ದನ್ನು ತಾನು ನೋಡಿದ್ದೇನೆಯೇ ಎಂದು ನೆನಪು ಮಾಡಿಕೊಂಡಳು. ನೆನಪಿಗೆ ಬರಲಿಲ್ಲ.

*

ಮರುದಿನ ಆಟೋ ತರಿಸಿಕೊಂಡು ದಾನಮ್ಮ ತಾನೇ ಪ್ರಯೋಗಾಲಯಕ್ಕೆ ಹೋಗಿ, ಪಟ್ಟಿಯನ್ನು ಮೇಜಿನ ಮೇಲೆ ಒಗೆದಳು.

"ಜರಡಿ ತಗಿ. ಇಲ್ಲಾಂದ್ರ ಪಟ್ಟಿನ ನೀನ ಇಟ್ಕೋ."

ಫರ್ಜಾನಾಳ ಕಣ್ಣುಗಳು ಕೆಂಪಾಗಿದ್ದವು. ರಾತ್ರಿಯೆಲ್ಲ ಅವಳು ಗೆರೆಗಳನ್ನೇ ನೋಡುತ್ತ ಕೂತಿದ್ದಳಂತೆ. ಬಚ್ಚಲಿಗೆ ಏಳುವಾಗಿನ ಗೆರೆ, ಕಾಶೀಬಾಯಿಗೆ ಎದ್ದ ಗೆರೆ, ಕಸ್ತೂರಿ ಚೀರಿದಾಗಿನ ಗೆರೆ, ಒಂದರ ಪಕ್ಕ ಒಂದಿಟ್ಟು ಅಜ್ಜಿಗೆ ತೋರಿಸಿದಳು.

"ಇದರಾಗ ಬೇಕಾದ್ದು ಯಾವ್ದು, ಬ್ಯಾಡಾದ್ದು ಯಾವ್ದು, ನನಗ ತಿಳೀವಲ್ದ್ರಿ ಆಯಿ. ಎಲ್ಲಾ ಒಂದ ಥರಾ ಅದಾವ. ನಿಮ್ಮ ಮೈಯಾಗ ಏಳೂದು ಅಂದ್ರ ಏಳೂದು, ಅಷ್ಟ. ಬಚ್ಚಲಕ್ಕ ಬ್ಯಾರೆ, ಮನಷ್ಯಾರಿಗೆ ಬ್ಯಾರೆ ಅಂತ ಇಲ್ಲ. ಜರಡಿ ಹಿಡದ್ರ ಎರಡೂ ಸೋರಿ ಹೋಗ್ತಾವ."

"ಮತ್ತ ತಗಿಯಲ್ಲ?"

"ತಗದ್ರ ಮುರಿಗೆಪ್ಪ ಸಾಹೇಬ್ರು ಒಪ್ಪಂಗಿಲ್ರಿ. ಐತವಾರ ಸಂಘದವ್ರು ಖಾನಾವಳಿಗೇ ಬಂದು ನೋಡ್ತಾರಂತ. ಅವತ್ತು ಅವ್ರ ಮನಸ್ಸಿಗೆ ಬರಲಿಲ್ಲಂದ್ರ ನಿಮ್ಮ ಪಟ್ಟೀನೂ ಹೋತು, ಕಾಶೀಬಾಯಿ ಆಯೀದೂ ಹೋತು."

ದಾನಮ್ಮ ಮೇಜಿನ ಮೇಲೆ ಬಿದ್ದಿದ್ದ ಪಟ್ಟಿಯನ್ನು ನೋಡಿದಳು. ಪಟ್ಟಿ ಹೋದರೆ ನಾಳೆಯಿಂದ ಮತ್ತೆ ಕಸ್ತೂರಿಯ ಎರಡು ಕೈ ತನ್ನ ಕಂಕುಳಿಗೆ. ಅದರಲ್ಲೊಂದು ಸುಟ್ಟ ಕೈ.

"ಜರಡಿ ತಗಿ," ಎಂದಳು ಕೊನೆಗೆ. "ಮುರಿಗೆಪ್ಪ ಬಂದಾಗ ನಾ ಏಳ್ತೀನಿ. ಹೋಳಿಗಿ ಮಾತು ಅವತ್ತ ಒಂದಿನ ನುಂಗ್ತೀನಿ."

ಫರ್ಜಾನಾ ಅನುಮಾನದಿಂದ ಗೆರೆಯನ್ನು ನೋಡಿದಳು. "ಒಲ್ಲದ ಮನಸ್ಸಿನಿಂದ ಎದ್ರ ಅರ್ಧಕ್ಕ ನಿಂದರತೈತ್ರಿ ಆಯಿ. ಮೈಬೂಬಣ್ಣಗ ಆಗಿತ್ತಲ್ಲ, ಹಂಗ."

"ಪೂರ್ತಿ ಏಳ್ತೀನಿ ಅಂದ್ನಿಲ್ಲ?" ಎಂದು ಗದರಿದಳು ದಾನಮ್ಮ. ಫರ್ಜಾನಾ ಜರಡಿ ತೆಗೆದಳು.

*

ಐತವಾರ ಹೋಳಿಗೆ ಊಟ. ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡ ಕಸ್ತೂರಿಗೆ ಅರೆಯುವ ಕೆಲಸ ಬೇಡವೆಂದು ದಾನಮ್ಮ ತಾನೇ ಅಡಿಗೆಮನೆಗೆ ಹೋಗಿ, ಮಿಕ್ಸರಿಗೆ ಒಪ್ಪದೆ ಕಲ್ಲಿನಲ್ಲೇ ಹೂರಣ ಅರೆದಿದ್ದಳು. ಈ ಸಲ ಬೆಣ್ಣೆಯ ಹಾಗೆ. ಆಮೇಲೆ ಇಳಕಲ್ ಸೀರೆ ಉಟ್ಟು ಗಲ್ಲಾದ ಹಿಂದೆ ಕೂತಳು. ಕಾಶೀಬಾಯಿ ಗೋಡೆಗೆ ಆನಿಕೊಂಡು ಮೂಲೆಯಲ್ಲಿ ಕೂತಿದ್ದಳು. ಒಮ್ಮೆ ಕೂತಿದ್ದಾಳೆ, ಇನ್ನು ಪಟ್ಟಿ ಸಿಕ್ಕರೇ ಏಳುವುದು ಎನ್ನುವ ಹಾಗೆ. ಫರ್ಜಾನಾ ಪರದೆಯನ್ನು ಎದೆಗವಚಿಕೊಂಡು ಕಿಟಕಿಯ ಬಳಿ ನಿಂತಿದ್ದಳು.

ಮುರಿಗೆಪ್ಪ ಬಂದ. ಹಿಂದೆ ಸಂಘದ ನಾಲ್ಕಾರು ಜನ. ಈ ಸಲ ಕೆಮ್ಮಲಿಲ್ಲ. ಹೊಸ್ತಿಲಲ್ಲಿ ಸುಮ್ಮನೆ ನಿಂತ, ತಲೆಯ ರುಮಾಲನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡು.

ಏಳು, ಎಂದು ದಾನಮ್ಮ ತನಗೆ ತಾನೇ ಹೇಳಿಕೊಂಡಳು. ಪಟ್ಟಿ 'ಗುಂ' ಎಂದಿತು, 'ಯ್' ಎನ್ನಲಿಲ್ಲ. ಚೂರು ಮೇಲೆದ್ದಳು, ಮತ್ತೆ ಕೂತಳು. ಕಾಶಕ್ಕನಿಗಾಗಿ ಏಳು. ಮತ್ತೆ ಚೂರು ಎದ್ದು ಮತ್ತೆ ಕೂತಳು. ಹಾಳು ಹೋಳಿಗೆ ತೊಡೆಯ ಮೇಲೆ ಬೀಸುಕಲ್ಲಾಗಿ ಕೂತಿತ್ತು. ಸಂಘದವರು ಮುಖ ಮುಖ ನೋಡಿಕೊಂಡರು. ಫರ್ಜಾನಾ ಕಣ್ಣು ಮುಚ್ಚಿಕೊಂಡಳು.

ಅಷ್ಟರಲ್ಲಿ ಮುರಿಗೆಪ್ಪನ ಬೆನ್ನ ಹಿಂದೆ, ಬೀದಿಯ ಕಡೆಯಿಂದ ಕಸ್ತೂರಿ ಬಂದಳು. ಪಂಕ್ತಿಗೆ ಎಲೆ ಸಾಲುವುದಿಲ್ಲವೆಂದು ಮೂಲೆಯ ಅಂಗಡಿಗೆ ಹೋಗಿದ್ದಳು. ಬಾಳೆಲೆಯ ಕಟ್ಟು ಬಲಗಂಕುಳಲ್ಲಿ, ಬಟ್ಟೆ ಸುತ್ತಿದ ಎಡಗೈಯನ್ನು ಎದೆಗೆ ಒತ್ತಿಕೊಂಡಿದ್ದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಹೊಸ್ತಿಲು ತುಂಬ ಗಂಡಸರು ನಿಂತದ್ದರಿಂದ ಒಳಗೆ ಬರಲು ದಾರಿ ಕಾಣದೆ, ಯಾರಿಗೂ ಸರಿಯಿರಿ ಎನ್ನದೆ, ತನ್ನದೇ ಮನೆಯ ಬಾಗಿಲಲ್ಲಿ ಕಾಯುತ್ತ ನಿಂತಳು.

ಗುಂಯ್.

ದಾನಮ್ಮ ನಿಂತಿದ್ದಳು. ನೆಟ್ಟಗೆ, ಪೂರ್ತಿ. ಇಷ್ಟು ಸಲೀಸಾಗಿ ಅವಳು ಕಾಶೀಬಾಯಿಗೂ ಎದ್ದಿರಲಿಲ್ಲ.

ಖಾನಾವಳಿಯಲ್ಲಿ ಚಪ್ಪಾಳೆ ಬಿತ್ತು. ಮುರಿಗೆಪ್ಪ ರುಮಾಲನ್ನು ಕಂಕುಳಿಗೆ ಸಿಗಿಸಿದ. "ಅಯ್ಯಯ್ಯ, ಕುಂದರ್ರಿ ಬೀಗರ, ಕುಂದರ್ರಿ," ಎಂದು ಎರಡೂ ಕೈ ಮುಗಿದ. "ಇವತ್ತಿನ ಕಾಲದಾಗ ನಮ್ಮಂಥವ್ರಿಗೆ ಯಾರ ಏಳತಾರ್ರಿ? ಕಚೇರ್ಯಾಗ ಇದ್ದಾಗ ಎದ್ದದ್ದ ಎದ್ದದ್ದು. ಆಮ್ಯಾಲ ಮನ್ಯಾಗ ಮೊಮ್ಮಕ್ಕಳೂ ಏಳಂಗಿಲ್ಲ." ಅವನ ಕಣ್ಣಂಚು ಒದ್ದೆಯಾಗಿತ್ತು.

ಆ ಒದ್ದೆ ಕಣ್ಣನ್ನು ದಾನಮ್ಮ ನೋಡಿದಳು. ಬಾಯಿಗೆ ಬಂದಿದ್ದ ನಿಜವನ್ನು ನುಂಗಿಕೊಂಡಳು. ಹೋಳಿಗೆಯ ಮಾತನ್ನು ನುಂಗುವುದಕ್ಕಿಂತ ಇದು ಸುಲಭವಾಯಿತು; ಪಾಪ, ಮುದುಕನ ಸಂತೋಷ ಕೆಡಿಸಿ ಏನಾಗಬೇಕು?

"ಒಳಗ ಬರ್ರಿ ಬೀಗರ, ದಾರಿ ಬಿಡ್ರಿ, ನನ್ನ ಸೊಸಿ ಬಿಸಲಾಗ ನಿಂತಾಳ," ಎಂದಳು. ಗಂಡಸರು ಸರಿದರು. ದಾನಮ್ಮ ಕುರ್ಚಿಯಿಂದ ಒಂದು ಹೆಜ್ಜೆ ಪಕ್ಕಕ್ಕೆ ನಿಂತು ಅದರ ಕೈಯನ್ನು ತಟ್ಟಿದಳು. "ಬಾರವ್ವಾ ಕಸ್ತೂರಿ. ಕುಂದ್ರು."

ಕಸ್ತೂರಿಗೆ ಅರ್ಥವಾಗಲಿಲ್ಲ. ಆ ಕುರ್ಚಿಯಲ್ಲಿ ಮನೆಯ ಯಜಮಾನಿ ಕೂರುತ್ತಾಳೆ. ಧೂಳು ಒರೆಸುವುದಕ್ಕಷ್ಟೇ ಅವಳು ಅದನ್ನು ಮುಟ್ಟಿದ್ದಳು.

"ಅಯ್ಯ ಅತ್ತಿ, ನೀವು ನಿಂತು ನಾ ಕುಂದ್ರೂದು ಹೆಂಗ್ರಿ? ಜನಾ ನೋಡ್ತಾರ."

"ನೋಡ್ಲಿ. ಅವ್ರನ್ನ ನೋಡಾಕಂತನ ಕರಸೇವಿ."

"ಎಲಿ ಹಾಕಬೇಕ್ರಿ, ಹೋಳಿಗಿ ಬಡಸಬೇಕು..."

"ನಾ ಬಡಸ್ತೀನಿ. ನೀ ಕುಂದ್ರೂತನಕ ನಾ ಕುಂದ್ರಂಗಿಲ್ಲ, ಇವ್ರ್ಯಾರನ್ನೂ ಕುಂದ್ರಸಂಗಿಲ್ಲ."

ಕಸ್ತೂರಿ ಅತ್ತೆಯ ಮುಖ ನೋಡಿದಳು. ಆ ಕಣ್ಣುಗಳು ಮಾವನ ಕಡೆ ಇರಲಿಲ್ಲ, ಸಂಘದವರ ಕಡೆಯೂ ಇರಲಿಲ್ಲ. ಆಗ ಅವಳಿಗೆ ತಿಳಿಯಿತು. ಬಾಳೆಲೆಯ ಕಟ್ಟನ್ನು ಅತ್ತೆಯ ಕೈಗೆ ಕೊಟ್ಟು, ತುಟಿ ಕಚ್ಚಿಕೊಂಡು, ಕುರ್ಚಿಯ ತುದಿಯಲ್ಲಿ ಹೇಗೋ ಕೂತಳು. ಅಳು ಬಂದದ್ದನ್ನು ಸೆರಗಿನಲ್ಲಿ ಬೆವರು ಒರೆಸಿದಂತೆ ಒರೆಸಿಕೊಂಡಳು.

"ನೋಡ್ರಿಪಾ!" ಎಂದು ಮುರಿಗೆಪ್ಪ ಸಂಘದವರತ್ತ ತಿರುಗಿದ. "ಬೀಗರು ಸ್ವತಃ ತಮ್ಮ ಕೈಯಾರ ನನಗ ಬಡಸ್ತಾರಂತ. ಯಂತ್ರದಾಗ ಏನೂ ದೋಷ ಇಲ್ಲ. ಮೊದಲ ಪಟ್ಟಿ ಕಾಶೀಬಾಯಿಗೆ!"

ಮೂಲೆಯಿಂದ ಕಾಶೀಬಾಯಿ ಕೂಗಿದಳು: "ಪಟ್ಟಿ ಆಮ್ಯಾಲ ಕೊಡೂವಂತ್ರಿ, ಈಗ ಯಾರರೆ ನನ್ನ ಎಬ್ಬಸ್ರಿ, ಕಾಲು ಜುಮ್ ಹಿಡದಾವ!" ಮೈಬೂಬ ನಗುತ್ತ ಹೋಗಿ ಕೈ ಕೊಟ್ಟ.

ಎಲೆ ಹಾಕಲು ಹೊರಟ ದಾನಮ್ಮನ ಪಕ್ಕಕ್ಕೆ ಫರ್ಜಾನಾ ಬಂದು ಪರದೆಯಲ್ಲಿ ನೆಗೆದು ನಿಂತ ಗೆರೆಯನ್ನು ತೋರಿಸಿದಳು. ದನಿ ತಗ್ಗಿಸಿ, "ಆಯಿ, ಇದು ಯಾರಿಗೆ ಎದ್ದದ್ದು ಅಂತ ಬರೀಲಿ?" ಎಂದಳು.

"ಯಾರಿಗೆ ಅನ್ನೂದು ನಿನ್ನ ಯಂತ್ರಕ್ಕ ಬೇಕಾಗಿಲ್ಲ. ಎದ್ಲು ಅಂತ ಬರಿ."

ಫರ್ಜಾನಾ ಕಿಟಕಿಯಾಚೆ ನೋಡಿ, "ಇಲ್ಲ, ಸೂರ್ಯ ಎಲ್ಲಿ ಹುಟ್ಯಾನೋ ಅಂತ ನೋಡಿದ್ನಿ," ಎಂದಳು. ದಾನಮ್ಮ ಬಾಳೆಲೆಯಿಂದ ಅವಳ ಬೆನ್ನಿಗೊಂದು ಕೊಟ್ಟಳು.

ಪಂಕ್ತಿ ಕೂತಿತು. ದಾನಮ್ಮ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಹೋಳಿಗೆಯ ತಾಟು ಹಿಡಿದು ಎಲೆಯಿಂದ ಎಲೆಗೆ ನಡೆದಳು. ಮುರಿಗೆಪ್ಪ ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ ಬಾಯಿಗಿಟ್ಟ, ಕಣ್ಣು ಮುಚ್ಚಿದ. "ಹೂರಣ ಅಂದ್ರ ಇದು," ಎಂದ, ಇನ್ನೊಂದು ಹಾಕಿಸಿಕೊಂಡ. ದಾನಮ್ಮ ಕೇಳಿಸಿಯೂ ಕೇಳಿಸದವಳ ಹಾಗೆ ಮುಂದೆ ಹೋದಳು. ಅವನ ಎಲೆಗೆ ಮೂರನೆಯದನ್ನು ಮಾತ್ರ ಕೇಳದೆಯೇ ಹಾಕಿದ್ದಳು.

ಕೊನೆಗೆ ಒಂದು ಎಲೆ ತುಂಬಿಕೊಂಡು ಗಲ್ಲಾದ ಕಡೆಗೆ ಬಂದಳು. ಅತ್ತೆ ಹತ್ತಿರ ಬಂದದ್ದನ್ನು ಕಂಡ ಕೂಡಲೇ ಕಸ್ತೂರಿ ಇಷ್ಟು ವರ್ಷದ ರೂಢಿಯಂತೆ ಧಡಕ್ಕನೆ ಎದ್ದು ನಿಂತಳು.

ದಾನಮ್ಮ ಎಲೆಯನ್ನು ಅವಳ ಮುಂದಿಟ್ಟು, ಹೆಗಲ ಮೇಲೆ ಕೈಯಿಟ್ಟು ಒತ್ತಿ ಕೂಡಿಸಿದಳು.

"ಕುಂದ್ರ ಸುಮ್ನ. ನಿನಗೂ ಯಾರರೆ ಟೊಂಕಪಟ್ಟಿ ಕಟ್ಯಾರೇನು?"